ವೇಬಿಲ್ಲಿನ ಹಿಂಬದಿ

ಮೂರು ಹತ್ತು. ನಲವತ್ತು ಸೆಕೆಂಡು.
ನಾಲ್ಕು ಐದು. ಎರಡು ನಿಮಿಷ, ತುಟಿ ನೀಲಿ.

ಸ್ಟೇಜು ಸ್ಟೇಜಿಗೂ ಟಿಕೆಟ್ಟಿನ ನಂಬರು ಬರೆಯುವ ಕೈಯಲ್ಲೇ
ಹಳೇ ವೇಬಿಲ್ಲಿನ ಹಿಂಬದಿಗೆ
ಬೃಂದಾಳ ಸೆಳವುಗಳನ್ನು ಬರೆಯುತ್ತೇನೆ.
ಒಂಬತ್ತು ವರ್ಷ ಅವಳಿಗೆ. ಲೆಕ್ಕ ತಪ್ಪಬಾರದು.
ಹದಿನೇಳು ವರ್ಷದ ಸರ್ವಿಸಿನಲ್ಲಿ
ಒಂದು ರೂಪಾಯಿ ಶಾರ್ಟೇಜು ತೋರಿಸಿದವನಲ್ಲ ನಾನು.

ಐದು ಔಷಧಿ ಬದಲಾದವು.
ಆರನೆಯದರ ಹೆಸರು ಹೇಳುವ ಮೊದಲು
ಡಾಕ್ಟರು ಬಾಗಿಲ ಕಡೆ ನೋಡಿದರು.
"ಕೆಲವು ಮಕ್ಕಳಿಗೆ ಕಡಿಮೆಯಾಗುತ್ತೆ. ಕೆಲವರಿಗೆ ಇಲ್ಲ.
ಮಾತು ಕೊಡಲಾರೆ."
ಆ 'ಕೆಲವು' ಎಂಬುದನ್ನೇ ಹಿಡಿದು
ಫುಟ್‌ಬೋರ್ಡಿನಲ್ಲಿ ಜೋತುಬಿದ್ದವನ ಹಾಗೆ ಮನೆ ಮುಟ್ಟಿದೆ.

ಕಾಟನ್‌ಪೇಟೆಯ ದೊರೈರಾಜು ಕಂಪ್ಯೂಟರ್ ಮುಂದೆ ಬೆವರಿದ.
"ಗಾಂಜಾ ಅಂತ ಹಾಕಲ್ಲ ಸಾರ್, ಪೊಲೀಸರು ಮಿಷನ್ನೇ ಎತ್ಕೊಂಡು ಹೋಗ್ತಾರೆ."
ಭಂಗಿ ಅಂತ ಹಾಕಪ್ಪ.
"ಯೋಗಾ ಕ್ಲಾಸಾ?"
ವಿಜಯಾ ಅಂತ ಹಾಕಿ, ಆಯುರ್ವೇದದಲ್ಲಿ ಅದೇ ಹೆಸರು,
ಗಾಲಿಕುರ್ಚಿಯಿಂದ ಫಿಲೋಮಿನಾ ಮಿಸ್ಸು ಹೇಳಿದರು.
"ಎಲೆಕ್ಷನ್ನಿಗೆ ನಿಂತಿದಾರಾ ಮೇಡಂ?"
ಕೊನೆಗೆ 'ನಮ್ಮ ಔಷಧಿ ನಮಗೆ ಕೊಡಿ' ಎಂದು ಬರೆದು
ಪಕ್ಕಕ್ಕೊಂದು ಎಲೆ ಕೂರಿಸಿದ.

ಫ್ರೀಡಂ ಪಾರ್ಕು.
ಈ ಊರಿನಲ್ಲಿ ಏನು ಕೇಳುವುದಿದ್ದರೂ
ಹಳೇ ಜೈಲಿನೊಳಗೆ ಬಂದು ಕೇಳಬೇಕು.
ಕಂಬಿಗಳು ಇನ್ನೂ ಇವೆ.
ಪಕ್ಕದ ಶಾಮಿಯಾನದಲ್ಲಿ ಅತಿಥಿ ಉಪನ್ಯಾಸಕರು, ಸಾವಿರ ಜನ.
ನಾವು ಹನ್ನೊಂದು.
ಅವರ ಮೈಕಿನಲ್ಲಿ ನಮ್ಮ ಕೂಗು ಮುಳುಗಿತು.
ಬೈಕು ನಿಲ್ಲಿಸಿದ ಹುಡುಗನೊಬ್ಬ ಕಣ್ಣು ಮಿಟುಕಿಸಿ,
"ಅಂಕಲ್, ಸ್ಟಾಕ್ ಇದೆಯಾ?"
ಖಾಕಿ ಹಾಕಿರಲಿಲ್ಲ ನಾನು. ಆದರೂ
ಡಿಪೋದವರು ಯಾರಾದರೂ ಕಂಡಾರೆಂದು
ಬ್ಯಾನರಿನ ಹಿಂದೆಯೇ ನಿಂತಿದ್ದೆ, ಮಧ್ಯಾಹ್ನದ ತನಕ.

ಎದೆಯ ಗೆಡ್ಡೆ ತೋರಿಸಲು ಕಲಬುರಗಿಯಿಂದ ಬಂದು
ಎರಡು ತಿಂಗಳಿಂದ ಧರ್ಮಶಾಲೆಯಲ್ಲಿರುವ ನೀಲಗಂಗಮ್ಮ
ಎಲೆಯನ್ನೇ ದಿಟ್ಟಿಸಿದರು.
"ಯಪ್ಪಾ, ಇದು ಪುಂಡಿಪಲ್ಯ ಅದಲ್ಲೋ!
ಬ್ಯಾಳಿ ಹಾಕಿ ಕುದಿಸಿದ್ರ ರೊಟ್ಟಿಗಿ ಭಾಳ ಚೊಲೋ."
ನಕ್ಕೆವು. ಫಿಲೋಮಿನಾ ಮಿಸ್ಸಿನ ಕಾಲುಗಳೂ
ತಮ್ಮಷ್ಟಕ್ಕೆ ತಾವು ನಡುಗುತ್ತ ನಕ್ಕವು.
ನೀಲಗಂಗಮ್ಮ ನಗುತ್ತ ನಗುತ್ತ ಪಕ್ಕೆ ಹಿಡಿದು
ತಟ್ಟನೆ ಕೂತರು.
ಅದಾದ ಮೇಲೆ ಯಾರೂ ನಗಲಿಲ್ಲ.

ವಕೀಲೆ ತಸ್ನೀಮ್ ಬಿಡಿಸಿ ಹೇಳಿದರು:
"ಎಲೆಗೆ ಕೇಸಿಲ್ಲ. ಬೀಜಕ್ಕೂ ಇಲ್ಲ.
ಕಾಯ್ದೆಯ ಕೋಪವೆಲ್ಲ ಹೂವಿನ ಮೇಲೆ."
ನಾನು ಮಾರ್ಕೆಟ್ ರೂಟಿನವನು.
ಬೆಳಗಿನ ಮೊದಲ ಟ್ರಿಪ್ಪಿನಲ್ಲಿ
ಸೇವಂತಿಗೆ, ಕನಕಾಂಬರ, ಸುಗಂಧರಾಜದ ಮೂಟೆಗಳಿಗೆ
ಲಗೇಜು ಟಿಕೆಟ್ ಕೊಟ್ಟವನು.
ಹೂವನ್ನು ಬಸ್ಸಿನಿಂದ ಇಳಿಸಿದ ನೆನಪಿಲ್ಲ.

ನಾಲ್ಕಕ್ಕೆ ಜಾಗ ಖಾಲಿ ಮಾಡಿಸಿದರು.
ಕಚೇರಿಯ ಗುಮಾಸ್ತ ಮನವಿಯನ್ನು ಓದದೆ
ಪ್ರತಿಯ ಮೇಲೆ ಸೀಲು ಒತ್ತಿದ, ಒಂದು ನಂಬರು ಗೀಚಿದ.
ನೇರಳೆ ಶಾಯಿ ನನ್ನ ಹೆಬ್ಬೆರಳಿಗೂ ಹತ್ತಿತು.

ಬ್ಯಾನರು ಈಗ ನಮ್ಮ ಮನೆಯಲ್ಲಿದೆ.
ನಾಲ್ಕು ಮಡಿಕೆ ಮಾಡಿ
ಗೋಡೆಗೂ ಬೃಂದಾಳ ತಲೆಗೂ ನಡುವೆ ನಿಲ್ಲಿಸಿದ್ದೇನೆ.
ಅದು ಬರಬರ ಅಂದರೆ ಸಾಕು, ಎಚ್ಚರವಾಗುತ್ತದೆ ನನಗೆ,
ಅವಳ ಕೈ ಸೆಟೆಯುವ ಮೊದಲೇ ಕೆಲವು ಸಲ.

ಎರಡು ಐವತ್ತು. ಒಂದು ನಿಮಿಷ ಹತ್ತು.
ಅದರ ಪಕ್ಕ ಸೀಲಿನ ನಂಬರು ಬರೆದೆ.
ಮುಂದಿನ ಸ್ಟೇಜಿಗೆಂದು
ಒಂದು ಸಾಲು ಖಾಲಿ ಬಿಟ್ಟೆ.