ಮರಳಿ ಬರುವ ಕೊಳವೆ

ಕರುಂಬೆ ಎಂದರೆ ಗ್ವಾರಾನಿ ಮಾತಿನಲ್ಲಿ ಆಮೆ.
ಆರು ಬಾರ್ಜು ಸೋಯಾ ಕಾಳನ್ನು ಮುಂದೆ ಮಾಡಿಕೊಂಡು
ಪರಾಗ್ವಾಯ್ ನದಿಗುಂಟ ದೂಡುತ್ತ ಇಳಿಯುವ ದೋಣಿಗೆ
ಬೇರೆ ಹೆಸರು ಯಾರು ತಾನೆ ಇಟ್ಟಾರು?
ಅದರ ಹೊಟ್ಟೆಯೊಳಗೆ ನಾನು ಎರಡು ಮೀಟರು ಕೂರಿಸಿದೆ:
ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಕೊಳವೆಗೊಂದು,
ಉರಿಯದೆ ಉಳಿದದ್ದು ಮರಳಿ ಬರುವ ಕೊಳವೆಗೊಂದು.

ಡೀಸೆಲ್ ಎಂಜಿನ್ನು ಉಣ್ಣುವ ರೀತಿಯೇ ಹಾಗೆ.
ಬೇಕಾದ್ದರ ನಾಲ್ಕು ಪಟ್ಟು ಬಡಿಸಿಕೊಂಡು
ಮುಕ್ಕಾಲು ಪಾಲು ವಾಪಸು ಕಳಿಸುತ್ತದೆ.
ಎಂಜಲು ಅನ್ನಬೇಡಿ,
ಒಳಗಿನ ಕಾವನ್ನೆಲ್ಲ ಹೊತ್ತು ತರುವುದು ಅದೇ.
ಹೋದದ್ದರಲ್ಲಿ ಬಂದದ್ದು ಕಳೆದರೆ ಉರಿದದ್ದು ಸಿಗುತ್ತದೆ,
ಮೂರನೇ ಕ್ಲಾಸಿನ ಲೆಕ್ಕ.
ನಾನೂ ಹಾಗೇ ಅಂದುಕೊಂಡಿದ್ದೆ.

ಗಂಟೆಗೆ ನಾನೂರು ಲೀಟರು ಹೋಯಿತು.
ಮುನ್ನೂರ ಹತ್ತು ಬಂತು.
ತೊಂಬತ್ತು.
ಮೊಳಕೈವರೆಗೆ ಗ್ರೀಸು, ಕಿವಿಗೆ ಹತ್ತಿ,
ಇಪ್ಪತ್ತಾರು ಗಂಟೆ ಅದನ್ನೇ ಬರೆದೆ.
ಅಸುನ್ಸಿಯೋನಿನ ಕಟ್ಟೆಯಲ್ಲಿ ಟ್ಯಾಂಕಿಗೆ ಅಳತೆಕೋಲು ಇಳಿಸಿದರೆ
ನನ್ನ ಲೆಕ್ಕದ ಮೇಲೆ ಇನ್ನೂ ಇನ್ನೂರು ಲೀಟರು ಇಲ್ಲ.
ಒಂದು ಪೀಪಾಯಿ. ಸರಿಯಾಗಿ ಒಂದು ಪೀಪಾಯಿ.
ಕಳವಿಗೂ ಒಂದು ಆಕಾರ ಬೇಕಲ್ಲ,
ಇದು ಆಕಾರದ ಸಮೇತ ಸಿಕ್ಕಿತ್ತು.

ದೋನ್ ಸಾತುರ್ನಿನೋ
ಮೂವತ್ತೊಂದು ವರ್ಷ ಆ ಎಂಜಿನ್ನಿನ ಪಕ್ಕ ಮಲಗಿದವನು.
ಕೆಳಗಿಳಿದೊಡನೆ ಎದೆಯ ಮೇಲೆ ಶಿಲುಬೆ ಬರೆದುಕೊಂಡು
ಅದೇ ಕೈಯಿಂದ ಒಂದೊಂದೇ ಕೊಳವೆ ಮುಟ್ಟಿ ಬರುವವನು.
ನಾನು ಬೋಲ್ಟು ಬಿಗಿಯುತ್ತಿದ್ದಾಗ ಎರಡು ಸಲ ಅಂದಿದ್ದ,
'ಈಚೆಯದನ್ನು ಮುಟ್ಟಿ ನೋಡು, ಮಗಳೇ.'
ನಾನು ಗಾಜಿನ ಹಿಂದೆ ಉರುಳುವ ಅಂಕಿ ನೋಡುತ್ತಿದ್ದೆ.

'ಎಷ್ಟು ಕಮ್ಮಿ?' ಎಂದ ಮಾಲೀಕ. ಹೇಳಿದೆ.
'ಯಾರು?' ಎಂದು ಅವನು ಕೇಳಲಿಲ್ಲ,
ನಾನೂ ಹೇಳಲಿಲ್ಲ,
ಅಷ್ಟರಲ್ಲೇ ಹೆಸರು ಹೊರಟುಹೋಗಿತ್ತು.
ಚೀಲ ಹೆಗಲಿಗೇರಿಸಿ ಅವನು ಹಲಗೆ ದಾಟುವುದನ್ನು
ಮೇಲೆ ನಿಂತು ನೋಡಿದೆ.
ಚೀಲ ತೀರ ಚಿಕ್ಕದಿತ್ತು.

ಮುಂದಿನ ಪಯಣದಲ್ಲಿ ಅವನಿಲ್ಲ.
ಪೀಪಾಯಿ ಮಾತ್ರ ಮತ್ತೆ ಹೋಯಿತು.
ಅದರ ಮುಂದಿನದರಲ್ಲೂ.

ಒಂದು ರಾತ್ರಿ, ನದಿಯ ತಿರುವಿನಲ್ಲಿ ದೋಣಿ ಮರಳಿಗೆ ಉಜ್ಜಿ
ಆಯ ತಪ್ಪಿ, ಕೈಗೆ ಸಿಕ್ಕಿದ್ದನ್ನು ಹಿಡಿದೆ.
ಚುರುಕ್ಕೆಂದಿತು.
ಮರಳಿ ಬರುವ ಕೊಳವೆ.

ಹೋಗುವ ಎಣ್ಣೆ ಇಪ್ಪತ್ತೆಂಟು ಡಿಗ್ರಿ, ಬರುವುದು ಐವತ್ತೆಂಟು.
ಕಾದ ಎಣ್ಣೆ ಹಿಗ್ಗುತ್ತದೆ, ನೂರಕ್ಕೆ ಎರಡೂವರೆ.
ಮುನ್ನೂರ ಎರಡು ಲೀಟರು ಬಿಸಿಗೆ ಉಬ್ಬಿ
ಮುನ್ನೂರ ಹತ್ತರ ವೇಷದಲ್ಲಿ ಮೀಟರು ದಾಟುತ್ತಿತ್ತು.
ಮೀಟರಿನ ತಪ್ಪೇನಿಲ್ಲ, ಹಾದದ್ದನ್ನು ಹಾದಷ್ಟೇ ಎಣಿಸಿದೆ.
ಹೆಚ್ಚು ಬಂತೆಂದರೆ ಕಡಿಮೆ ಉರಿಯಿತೆಂದು
ಕಳೆದವಳು ನಾನು.
ಗಂಟೆಗೆ ಏಳೂವರೆಯ ಮೇಲೆ ತುಸು, ಗುಣಿಸು ಇಪ್ಪತ್ತಾರು,
ಗೋಡೆಯ ಹಸಿರು ಬಣ್ಣದ ಮೇಲೆ ಪೆನ್ಸಿಲಿನಲ್ಲಿ ಬರೆದೆ.
ಪೀಪಾಯಿ ಸಿಕ್ಕಿತು.
ಎಂಜಿನ್ನೇ ಉಂಡಿತ್ತು ಅದನ್ನು, ನ್ಯಾಯವಾಗಿ,
ಎಲ್ಲರ ಕಣ್ಣೆದುರಿಗೆ.
ಅಂಗೈ ಹುಣ್ಣಿಗೆ
ಎರಡೆರಡು ಕನ್ನಡಿ ತಂದು ತಿರುಪು ಬಿಗಿದಿದ್ದೆ ನಾನು.

ಕೊನ್ಸೆಪ್ಸಿಯೋನಿನ ದಡದಲ್ಲಿ, ಹೂ ಉದುರಿಸುವ ಲಪಾಚೊ ಮರದಡಿ
ಯಾರದೋ ಮೀನುದೋಣಿಯ ಮೋಟಾರು ಬಿಚ್ಚಿಕೊಂಡು ಕೂತಿದ್ದ.
ತಿದ್ದಿದ ವರದಿ ಚಾಚಿದೆ, ಮಾಲೀಕನ ಸಹಿ, ಕೆಂಪು ಮೊಹರು.
ಓದಲಿಲ್ಲ.
ನಾಲ್ಕಾಗಿ ಮಡಿಸಿ ಕಾರ್ಬ್ಯುರೇಟರಿನ ಕೆಳಗೆ ಇಟ್ಟ,
ಪೆಟ್ರೋಲು ತೊಟ್ಟಿಕ್ಕುತ್ತಿತ್ತು.
'ಮುಟ್ಟಿದೆಯಾ?' ಎಂದ.
ಹೂಂ ಅಂದೆ.
ಕೊಂಬಿನ ಲೋಟಕ್ಕೆ ಮಂಜುಗಡ್ಡೆಯ ನೀರು ಸುರಿದು
ತೆರೆರೆ ಕೊಟ್ಟ. ಅಂಗೈಗೆ ತಣ್ಣಗೆ ಹತ್ತಿತು.

ವಾಪಸು ಬರುತ್ತೀರಾ ಅಂತ ಕೇಳಲೆಂದೇ ಬಂದಿದ್ದೆ.
ಬಾಯಿ ತೆರೆಯುವಷ್ಟರಲ್ಲಿ
ತಿರುವಿನಾಚೆ ಕರುಂಬೆಯ ಸದ್ದು.
ಅವನು ತಲೆ ಎತ್ತಲಿಲ್ಲ.
ಕೈಯಲ್ಲಿದ್ದ ಸ್ಪ್ಯಾನರು ಮಾತ್ರ ಒಂದು ಗಳಿಗೆ ನಿಂತಿತು.
'ಎರಡನೇ ಸಿಲಿಂಡರು,' ಅಂದ,
'ಕೆಮ್ಮುತ್ತಿದೆ.'