ನಲವತ್ತೆರಡು ಮೈಲಿ ಪ್ರಾಯ

ಅಡಿಲೇಡ್ ಬಿಟ್ಟದ್ದು ಬೆಳಗಿನ ನಾಲ್ಕಕ್ಕೆ.
ಬಿಸಿಲು ಏಳುವ ಮೊದಲು ಗುಡ್ಡ ಹತ್ತಿ ಮುಗಿಸಬೇಕು,
ಇಲ್ಲವಾದರೆ ವುಲ್ಸ್‌ಲಿಗೆ ಮುನಿಸು.
ನನ್ನ ಕಾಲಬುಡದಲ್ಲಿ ನೀರಿನ ಕ್ಯಾನು ಮೂರು,
ಮಡಿಲಲ್ಲಿ ಫ್ಲಾಸ್ಕು, ಮಡಿಕೆ ಹರಿದ ನಕ್ಷೆ.
ರೇಡಿಯೋ ಇಲ್ಲ. ಏಸಿ ಕೇಳಲೇ ಬೇಡಿ.
ಮಾತಾಡಬೇಕೆಂದರೆ ಇಬ್ಬರೂ ಕಿರುಚಬೇಕು.
ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ
ಜಗಳವಿಲ್ಲದೆ ನಾವು ಕೂತ ಜಾಗ ಇದೊಂದೇ.

ಪಕ್ಕದ ಮನೆಯ ಮಿಸೆಸ್ ಪೆಂಗೆಲಿ
ಕಣ್ಣು ಮಂಜಾದ ಮೇಲೆ ಮಾರಿದ ಕಾರು.
ದುಡ್ಡು ತಗೊಂಡಳು, ಜೊತೆಗೊಂದು ಮಾತೂ ತಗೊಂಡಳು:
"ಲಾರಿ ಮೇಲೆ ಹೇರಿ ಮಾತ್ರ ಎಲ್ಲಿಗೂ ಒಯ್ಯಬೇಡ."
ಲಿಗೋರಿ ಹಲ್ಲಿನ ಸೆಟ್ಟು ಕಟ್ಟುವವನು,
ಕೂದಲೆಳೆಯ ಲೆಕ್ಕದ ಕೈ. ಕೊಟ್ಟ ಮಾತೂ ಹಾಗೆಯೇ,
ಎಲ್ಲೂ ಸಡಿಲಿಲ್ಲ.

ಟ್ರೂರೋ. ರೆನ್‌ಮಾರ್ಕ್. ಮಿಲ್ಡ್ಯೂರಾ.
ಪ್ರತಿ ಬಂಕಿನಲ್ಲೂ ಒಬ್ಬ ಮುದುಕ ಬಂದು
"ನಮ್ಮಪ್ಪನ ಹತ್ತಿರ ಇತ್ತು" ಎಂದು
ಬಾನೆಟ್ಟು ಸವರಿ, ಹೆಸರು ಹೇಳದೆ ಹೋಗುತ್ತಾನೆ.

ಬಾಲ್ರನಾಲ್ಡ್ ದಾಟಿದ ಮೇಲೆ
ಭೂಮಿಗೆ ಹೇಳಲು ಏನೂ ಉಳಿದಿಲ್ಲ.
ರೊಟ್ಟಿ ಕಾವಲಿಯಷ್ಟು ಚಪ್ಪಟೆ, ಅಷ್ಟೇ ಕಾದದ್ದು.
ಎರಡು ಡಬ್ಬಿಯ ಲಾರಿ ದಾಟುವಾಗ
ಗಾಳಿ ನಮ್ಮನ್ನೆತ್ತಿ ಪಕ್ಕಕ್ಕಿಟ್ಟು ಹೋಗುತ್ತದೆ.
ಅಲ್ಲೇ ಕೆಮ್ಮಿತು. ಎರಡು ಸಲ ಕೆಮ್ಮಿ ನಿಂತಿತು.
"ಎಂತ ಸಾವು ಮಾರಾಯ್ತಿ," ಎಂದ ಲಿಗೋರಿ,
"ಪೆಟ್ರೋಲು ಪೈಪಿನೊಳಗೇ ಕುದಿದಿದೆ."

ಅರ್ಧ ಗಂಟೆಗೆ ಹಿಂದಿನಿಂದೊಂದು ಕರಿ ವುಲ್ಸ್‌ಲಿ,
ತನುಂಡಾದ ಗ್ಲೆನಿಸ್ ಶುಲ್ಟ್ಸ್, ಎಪ್ಪತ್ತೆಂಟು, ಒಬ್ಬಳೇ.
ಕೈಚೀಲದಿಂದ ತೆಗೆದದ್ದು ಬಟ್ಟೆ ಒಣಹಾಕುವ ಮರದ ಕ್ಲಿಪ್ಪು.
ಏಳನ್ನು ಸಾಲಾಗಿ ಪೈಪಿಗೆ ಕಚ್ಚಿಸಿದಳು,
ತಂತಿಯಲ್ಲಿ ಗುಬ್ಬಿ ಕೂತ ಹಾಗೆ.
"ಮರ ಶಾಖ ಕುಡಿಯುತ್ತದೆ," ಎಂದಳು.
ವಿಜ್ಞಾನ ಒಪ್ಪುತ್ತದೋ ಇಲ್ಲವೋ, ಕಾರು ಒಪ್ಪಿತು.

ಕಾರಿನದು ಮೈಲಿ, ರಸ್ತೆಯದು ಕಿಲೋಮೀಟರು,
ಐವತ್ತು ವರ್ಷದಿಂದ ಇಬ್ಬರಿಗೂ ಮಾತುಕತೆ ಇಲ್ಲ.
ಮೀಟರಿನ ಐದೂ ಮನೆಯಲ್ಲಿ ಒಂಬತ್ತು ಬಂದು ಕೂತಿತ್ತು.
ಸೊನ್ನೆಯಾಗುವ ಗಳಿಗೆಯ ಫೋಟೋಕ್ಕೆಂದು
ನಾನು ಫೋನು ಹಿಡಿದೇ ಕಾದೆ.
ಆಗ ಮರಿಗಳ ಸಮೇತ ಒಂದು ಎಮು
ರಸ್ತೆಗೆ ಬಂದು, ಯೋಚನೆ ಮಾಡಿ, ವಾಪಸು ಹೋಯಿತು.
ತಿರುಗಿ ನೋಡಿದರೆ ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ ಒಂದು.
ಹುಟ್ಟಿದ್ದನ್ನು ಯಾರೂ ನೋಡಲಿಲ್ಲ.

ಹೇ ಊರಿನ ಮೈದಾನದಲ್ಲಿ ನಲವತ್ತು ಕಾರು.
ಸಿಡ್ನಿಯದೊಂದು ಟ್ರೇಲರ್ ಏರಿ, ಮುಸುಕು ಹೊದ್ದು ಬಂದಿತ್ತು,
ಟೈರಿನ ಸಂದಿಗೂ ಪಾಲಿಶು. ನಮ್ಮದರ ಮೋರೆ ತುಂಬ ಮಿಡತೆ.
ಅರ್ಜಿಯಲ್ಲಿ ಕೇಳಿದ್ದರು: ಎಷ್ಟು ಮೈಲಿ ಓಡಿದೆ?
ಲಿಗೋರಿ ಬರೆದ: ನಲವತ್ತೆರಡು.
ಕನ್ನಡಕದ ಮೇಲಿಂದ ನೋಡಿದ ತೀರ್ಪುಗಾರ
ಬಾನೆಟ್ಟು ಎತ್ತಿ ಕ್ಲಿಪ್ಪು ಎಣಿಸಿದ,
ಒಂದಕ್ಕೆ ಒಂದರಂತೆ ಏಳು ಅಂಕ ಕಳೆದ.
ಟ್ರೋಫಿ ಮುಸುಕಿನವಳಿಗೆ.

ಕತ್ತಲಾದ ಮೇಲೆ, ಯಾರೂ ಹೇಳದೆ,
ಒಬ್ಬೊಬ್ಬರಾಗಿ ದೀಪ ಹಾಕಿದರು.
ವುಲ್ಸ್‌ಲಿಗೆ ಮೂಗಿನ ಮೇಲೊಂದು ಪುಟ್ಟ ಬಿಲ್ಲೆ,
ಒಳಗಿಂದ ಬೆಳಗುತ್ತದೆ, ಹೆಸರು ಕಾಣುತ್ತದೆ.
ನಲವತ್ತು ಮೂಗುತಿ, ಆ ಬಯಲಿನಲ್ಲಿ.
ನಮ್ಮದು ಆಕ್ಸಲರೇಟರ್ ಒತ್ತಿದರೆ ಮಾತ್ರ ಹೊಳೆಯುತ್ತದೆ,
ಬಿಟ್ಟರೆ ಮಂಕು.
ಲಿಗೋರಿ ಕಾಲು ತೆಗೆಯಲೇ ಇಲ್ಲ,
ಊಟ ತಣ್ಣಗಾಯಿತೆಂದು ಕರೆದರೂ.

ಬೆಳಿಗ್ಗೆ ನೋಡಿದರೆ ಪೈಪಿನಲ್ಲಿ ಕ್ಲಿಪ್ಪು ಐದೇ.
ಉಳಿದೆರಡು ಕ್ಯಾಬಿನ್ನಿನ ಹಿಂದೆ, ತಂತಿಯಲ್ಲಿ,
ಅವನ ಬನಿಯನ್ನು ಕಚ್ಚಿಕೊಂಡಿದ್ದವು.
"ಒಣಗಿತಾ?"
"ಇಲ್ಲ ಇನ್ನೂ."
ಬಿಸಿಲೇರುತ್ತಿತ್ತು, ಹೊರಡಬೇಕಿತ್ತು.
ಇನ್ನೊಂದು ಚಹಾ ಬಗ್ಗಿಸಿದೆ.