ಒರೆಸಿದವಳ ಅಳತೆ

ತಮ್ಮ ಔಲಿಸನ ಬಳಿ ಗರಗಸವಿದೆ,
ಹದಿನೆಂಟು ಮಿಲಿಮೀಟರಿನ ಬರ್ಚ್ ಪ್ಲೈವುಡ್ಡಿದೆ,
ಹಳೆ ಕ್ಯಾಲೆಂಡರಿನ ಬೆನ್ನಿಗೆ ಗೀಚಿದ ನಕ್ಷೆಯಿದೆ.
ನನ್ನ ಬಳಿ ಇರುವುದು
ಕಲೆಗಳ ನೆನಪು ಮಾತ್ರ.

ಕೆಮಿ ಊರಿನ ಬಸ್‌ ನಿಲ್ದಾಣದ ಕಾಫಿ ಅಂಗಡಿಯಲ್ಲಿ
ಹನ್ನೊಂದು ಚಳಿಗಾಲ
ಆಟದ ಪೆಟ್ಟಿಗೆ ಒರೆಸಿದವಳು ನಾನು. ಆಡಿದವಳಲ್ಲ.
ಕೊನೆಯ ಬಸ್ಸು ಹೋದಮೇಲೆ
ಬಕೆಟ್ಟು, ಬಟ್ಟೆ, ಸ್ಪಿರಿಟ್ಟಿನ ಸೀಸೆ,
ಮತ್ತು ಆ ದಿನ ಯಾರು ಎಷ್ಟು ಸೋತರೆಂದು
ಜಿಡ್ಡಿನಲ್ಲಿ ಬರೆದಿಟ್ಟ ಲೆಕ್ಕ.

ಗುಂಡಿಗಳ ಹಲಗೆ ಎಷ್ಟು ಎತ್ತರ? ಅವನು ಕೇಳುತ್ತಾನೆ.
ಪುಸ್ತಕದಲ್ಲಿ ಒಂದು ಅಂಕಿ ಇದೆಯಂತೆ.
ನಾನು ಎದ್ದು ನಿಂತು ಕಣ್ಣು ಮುಚ್ಚಿ
ಗಾಳಿಯನ್ನು ಒರೆಸುತ್ತೇನೆ. ಇಲ್ಲಿ.
ಟೇಪು ಹಿಡಿದು ನೋಡಿದ. ತೊಂಬತ್ತಾರು ಸೆಂಟಿಮೀಟರ್.
ಪುಸ್ತಕದ ಅಂಕಿ ಎಷ್ಟೆಂದು ಹೇಳಲಿಲ್ಲ.

ಹಲಗೆ ಸಮತಟ್ಟಾಗಿರಲಿ, ಕುಯ್ಯುವುದು ಸುಲಭ ಎಂದ.
ಬೇಡ. ಚೂರು ಇಳಿಜಾರು ಕೊಡು.
ಸಮತಟ್ಟು ಕಂಡಲ್ಲಿ ಬಿಯರ್ ಇಡುತ್ತಾರೆ ಜನ.
ಗುಂಡಿಯ ಸುತ್ತ ಒಣಗಿದ ಬಿಯರನ್ನು
ತಲೆಯ ಪಿನ್ನಿನಿಂದ ಕೆದಕಿದವರು ಯಾರು, ನೀನೋ?

ಎರಡು ಕೋಲುಗಳ ನಡುವೆ ಎಷ್ಟು ಜಾಗ?
ದಪ್ಪ ಚಳಿಕೋಟು ತೊಟ್ಟ ಇಬ್ಬರು
ಮುನಿಸಿಲ್ಲದೆ ನಿಲ್ಲುವಷ್ಟು.
ಬೇಸಿಗೆಯ ಅಳತೆ ಹಿಡಿದು ಕೊರೆಯಬೇಡ,
ನಮ್ಮಲ್ಲಿ ಬೇಸಿಗೆ ಎಷ್ಟು ದಿನ?

ಬುಡಕ್ಕೊಂದು ತಗಡು, ಮೊಣಕಾಲಿಗಿಂತ ಕೆಳಗೆ.
ಸೋತವರ ಬೂಟು ತಾಗುವುದು ಅಲ್ಲಿಗೇ.

ಪರದೆಯ ಮಾತಿನಲ್ಲಿ ನಾನು ಸೋತೆ.
ಹಳೆಯ ಉಬ್ಬುಗಾಜಿನ ಟೀವಿಯೇ ಬೇಕೆಂದೆ,
ಒರೆಸಲು ಹೋದರೆ ತೋಳಿನ ರೋಮ ನಿಲ್ಲಿಸಿ
ಚಿಟಿಚಿಟಿ ಮಾತಾಡುತ್ತಿತ್ತಲ್ಲ, ಆ ಥರದ್ದು.
ನಲವತ್ತು ಕಿಲೋ, ನನ್ನ ಸೊಂಟ ನಿನ್ನದಲ್ಲ ಎಂದ.
ಅದೂ ಸರಿಯೇ. ಚಪ್ಪಟೆ ಪರದೆ ಬಂತು,
ಧೂಳನ್ನೂ ಕರೆಯದ ಮೂಕ ವಸ್ತು.

ನಾಣ್ಯದ ಸೀಳು ಯಾಕೆ? ಒಂದು ಗುಂಡಿ ಸಾಕು,
ಒತ್ತಿದರೆ ಆಟ ಶುರು ಎಂದ.
ಇದೊಂದಕ್ಕೆ ನಾನು ಬಗ್ಗಲಿಲ್ಲ.
ಜಾಮಿನ ಬಾಟಲಿ ತಂದು ಮೇಜಿನ ಮೇಲೆ ಸುರಿದೆ,
ಎಲ್ಲಾ ಮಾರ್ಕ್ಕಾ, ಯೂರೋ ಬಂದ ಮೇಲೆ
ಯಾವ ಅಂಗಡಿಯೂ ಮೂಸದ ನಾಣ್ಯ.
ಇದಕ್ಕೆ ತಕ್ಕ ಸೀಳು ಮಾಡು.
ಕೆಳಗೆ, ವಾಪಸು ಬೀಳುವ ಬಟ್ಟಲು ಮರೆಯಬೇಡ.

ಅದರಲ್ಲಿ ದಿನವೂ ಒಂದು ಪುಟ್ಟ ಬೆರಳಿನ ಗುರುತು.
ಕೆಂಪು ಟೋಪಿಯ ಹುಡುಗ, ಕಾಸಿಲ್ಲದವನು,
ಶಾಲೆ ಬಿಟ್ಟು ಬಸ್ಸು ಬರುವವರೆಗೆ
ಯಾರದೋ ಮರೆತ ಚಿಲ್ಲರೆಗೆ ಕೈಯಾಡಿಸಿ ಹೋಗುತ್ತಿದ್ದ.
ಕೆಲವು ಶುಕ್ರವಾರ ಪೆಟ್ಟಿಗೆ ಮರೆಯುತ್ತಿತ್ತು.
ಪೆಟ್ಟಿಗೆಯೇ ಅಂದುಕೊಂಡಿದ್ದ ಅವನು.
ಔಲಿಸನಿಗೂ ಇದನ್ನು ಹೇಳಿಲ್ಲ.

ಕೊನೆಗೆ ಬೆಸುಗೆಯ ಕಡ್ಡಿ ಕಾಯಿಸಿಕೊಂಡು ಬಂದ.
ಎಡ ಅಂಚಿನಲ್ಲಿ ಎರಡು ಮೂರು ಸಿಗರೇಟಿನ ಸುಟ್ಟ ಕಲೆ,
ಹಳೆಯದರ ಹಾಗೇ ಕಾಣಲಿ, ಏನಂತೀ?
ಮುಟ್ಟಿದರೆ ಕೈ ಮುರಿಯುತ್ತೇನೆ ಅಂದೆ.
ಕಲೆ ಮಾಡುವುದಲ್ಲ ಕಣೋ, ಬರಬೇಕು.
ಯಾರೋ ಇನ್ನೇನು ಗೆಲ್ಲುವ ಗಳಿಗೆಯಲ್ಲಿ
ಸಿಗರೇಟನ್ನು ಅಲ್ಲಿಟ್ಟು ಮರೆತು, ಗೆದ್ದು, ಅಥವಾ ಸೋತು...
ಈಗ ಯಾರು ಸೇದುತ್ತಾರೆ ಎಂದ.
ಹಾಗಾದರೆ ಬರುವುದಿಲ್ಲ. ಇಲ್ಲದೆಯೇ ಇರಲಿ.

ನಿನ್ನೆ ಮೊದಲ ಬಾರಿ ದೀಪ ಹತ್ತಿತು.
ಮಾರ್ಕ್ಕಾ ಒಂದು ಹಾಕಿದೆ. ಠಣ್ ಎಂದು ನುಂಗಿ ನೀರು ಕುಡಿಯಿತು.
ಹದಿನೇಳು ಸೆಕೆಂಡಿನಲ್ಲಿ ಸತ್ತೆ.
ಅರವತ್ತೆರಡು ವರ್ಷಕ್ಕೆ ಮೊದಲ ಆಟ, ಮೊದಲ ಸಾವು.
ಔಲಿಸ್ ನಕ್ಕ ರೀತಿಗೆ ತಗಡಿಗೆ ಒಂದು ಒದೆ ಬಿತ್ತು.

ಪಕ್ಕದ ಹಲಗೆಗೆ ಯಾವ ಬಣ್ಣ,
ಇನ್ನೂ ತೀರ್ಮಾನವಾಗಿಲ್ಲ.
ಜಿಡ್ಡು ಕಾಣಿಸುವಂಥದ್ದು ಎಂದಿದ್ದೇನೆ.